ಕಂಪಾಸೂ ನನ್ನ ಸೊಂಟದ ಕತ್ತಿಯೂ

ನಮ್ಮ ಮನೆಯ ಜಗಲಿಯ ನೆಲದ ಮೇಲೆ ಸೀಮೆಸುಣ್ಣದಿಂದ ಎಳೆದ ಒಂದು ಗೆರೆಯಿದೆ. ಕಂಬದಿಂದ ಗೋಡೆಯವರೆಗೆ ಕೊಂಚ ವಕ್ರವಾಗಿ ಹೋಗಿರುವ ಈ ಗೆರೆಯ ಒಳಗೆ ಕಬ್ಬಿಣಕ್ಕೆ ಪ್ರವೇಶವಿಲ್ಲ. ಕತ್ತಿ, ಪಿಕ್ಕಾಸು, ಬೀಗದ ಕೈಗೊಂಚಲು, ಎಲ್ಲವೂ ಹೊರಗೆ. ಸ್ಟೀಲಿನ ಲೋಟಗಳ ವಿಷಯದಲ್ಲಿ ಮಾತ್ರ ಸ್ವಲ್ಪ ದಾಕ್ಷಿಣ್ಯ ತೋರಿಸಲಾಗಿದೆ. ಒಂದೊಂದನ್ನೇ ಪರೀಕ್ಷಿಸಿ ನಾಲ್ಕನ್ನು ಒಳಗೆ ಬಿಟ್ಟು ಎರಡಕ್ಕೆ ಬಹಿಷ್ಕಾರ ಹಾಕಿದ್ದಾರೆ. ನಾನು ಚಹಾ ಕುಡಿಯುವ ದೊಡ್ಡ ಲೋಟ ಬಹಿಷ್ಕೃತರ ಪೈಕಿ. ಈ ಶಾಸನ ಹೊರಡಿಸಿದವಳು ನನ್ನ ಪುಳ್ಳಿ, ಎಂದರೆ ಮಗಳ ಮಗಳು, ಶ್ರಾವ್ಯ. ಒಂಬತ್ತನೆಯ ಕ್ಲಾಸು. ಮನೆಯಲ್ಲಿ ಹಿರಿಯನಾದ ನಾನು ಗೆರೆಯ ಹೊರಗೆ ನಿಂತು ಸೊಂಟದ ಕತ್ತಿ ಬಿಚ್ಚಿಟ್ಟು, ದೇವಸ್ಥಾನಕ್ಕೆ ಹೋಗುವವನ ಹಾಗೆ ವಿನಯದಿಂದ ಒಳಗೆ ಬರಬೇಕಾಗಿದೆ.

ಗೆರೆಯ ಒಳಗೆ, ಕಿಟಕಿಯ ದಂಡೆಯ ಮೇಲೆ, ಹಳೆಯ ಕರವಸ್ತ್ರವೊಂದನ್ನು ಹಾಸಿಕೊಂಡು ಆಸೀನವಾಗಿರುವುದು ಒಂದು ಕಂಪಾಸು. ಮಕ್ಕಳು ವೃತ್ತ ಎಳೆಯುವ ಕಂಪಾಸಲ್ಲ. ಅಂಗೈಯಲ್ಲಿ ಹಿಡಿದು ದಿಕ್ಕು ನೋಡುವಂಥದ್ದು, ಪುಸ್ತಕದವರು ದಿಕ್ಸೂಚಿ ಎನ್ನುತ್ತಾರಲ್ಲ, ಅದು. ಅವಳ ಅಪ್ಪ ಶಾರ್ಜಾದಿಂದ ಊರಿಗೆ ಬರುವ ಸ್ನೇಹಿತನ ಕೈಯಲ್ಲಿ ಕಳುಹಿಸಿದ್ದು. ಒಂದು ಉದ್ದಿನ ವಡೆಯಷ್ಟು ದೊಡ್ಡದು, ಒಳಗೆ ಎಣ್ಣೆಯಂಥ ಏನೋ ದ್ರವ, ಅದರಲ್ಲಿ ಕೆಂಪು ತುದಿಯ ಒಂದು ಮುಳ್ಳು. ಯಾವ ಕಡೆ ತಿರುಗಿಸಿದರೂ ಅದು ಸ್ವಲ್ಪ ಹೊತ್ತು ನಡುಗಿ, ಆಲೋಚನೆ ಮಾಡಿ, ಪುನಃ ಉತ್ತರಕ್ಕೇ ಮುಖ ಮಾಡುತ್ತದೆ. ಇಷ್ಟು ಚಿಕ್ಕ ಪದಾರ್ಥಕ್ಕೆ ಇಷ್ಟೊಂದು ಹಠ ಇರುವುದನ್ನು ನಾನು ಇನ್ನೊಂದು ಕಡೆ ಕಂಡಿದ್ದರೆ ಅದು ಇದರ ಒಡತಿಯಲ್ಲಿ ಮಾತ್ರ.

ಇದನ್ನು ಬರೆಯಲು ಕುಳಿತ ಕಾರಣವನ್ನೂ ಹೇಳಿಬಿಡುತ್ತೇನೆ. ನಿನ್ನೆ ಸಂಜೆಯಿಂದ ನನಗೆ ಸಂತೋಷವನ್ನು ಒಳಗೆ ಇಟ್ಟುಕೊಳ್ಳಲು ಆಗುತ್ತಿಲ್ಲ. ಬೆಳಿಗ್ಗೆ ಹಾಲಿನ ಸೊಸೈಟಿಯಲ್ಲಿ ಹೇಳಿದೆ, ಬೋವಿಕಾನಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದವರಿಗೆ ಹೇಳಿದೆ, ಅಲ್ಲಿಯ ಚಹಾದಂಗಡಿಯಲ್ಲಿ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅಂಗಡಿಯವನು ಮರ್ಯಾದಸ್ಥ, ಎರಡು ಸಲ ಕೇಳಿದ. ಮೂರನೆಯ ಸಲ ಶುರುಮಾಡಿದಾಗ, “ಐತ್ತಪ್ಪಣ್ಣ, ಇದನ್ನು ಬರೆದೇ ಇಡಿ ಮಾರಾಯ್ರೆ, ನಾನು ಪುರುಸೊತ್ತಿನಲ್ಲಿ ಓದ್ತೇನೆ” ಎಂದ. ಅವನು ತಪ್ಪಿಸಿಕೊಳ್ಳಲು ಹೇಳಿದ್ದಿರಬಹುದು, ನಾನು ಅಪ್ಪಣೆಯೆಂದು ಸ್ವೀಕರಿಸಿದೆ. ಶಾಲೆಗೆ ನಾನು ಹೋದದ್ದು ಮೂರನೆಯ ಕ್ಲಾಸಿನವರೆಗೆ. ಅಕ್ಷರಕ್ಕೆ ಅಷ್ಟು ಸಾಕಾಯಿತು. ಶಬ್ದಗಳನ್ನೆಲ್ಲ ಆಮೇಲೆ ತಾಳಮದ್ದಳೆಯ ಚಾಪೆಯ ಅಂಚಿನಲ್ಲಿ ಕುಳಿತು ಸಂಪಾದಿಸಿದ್ದು. ಹಾಗಾಗಿ ವಡೆಯಷ್ಟು ದೊಡ್ಡ ಕಂಪಾಸಿನ ವಿಷಯ ಹೇಳುವಾಗಲೂ ನನ್ನ ಬಾಯಿಗೆ ಕೌರವನ ಸಭೆಯ ವಾಕ್ಯಗಳೇ ಬಂದರೆ ಓದುವವರು ಸಹಿಸಿಕೊಳ್ಳಬೇಕು.

ನನ್ನ ಕಸುಬು ಸುರಂಗ ಕೊರೆಯುವುದು. ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ದೂರದವರು ಸುರಂಗವೆಂದರೆ ರೈಲು ಹೋಗುವುದನ್ನು ನೆನೆಯುತ್ತಾರೆ, ಅದಕ್ಕೆ ಹೇಳುತ್ತೇನೆ. ಬಾವಿ ಕೆಳಕ್ಕೆ ಹೋಗುತ್ತದೆ, ಸುರಂಗ ಅಡ್ಡಕ್ಕೆ ಹೋಗುತ್ತದೆ. ಗುಡ್ಡೆಯ ಬದಿಯಿಂದ ಒಬ್ಬ ಮನುಷ್ಯ ಬಗ್ಗಿ ನುಗ್ಗುವಷ್ಟು ಅಗಲಕ್ಕೆ ಕೊರೆಯುತ್ತ ಗುಡ್ಡೆಯ ಹೊಟ್ಟೆಗೆ ಹೋದರೆ, ಒಸರು, ಎಂದರೆ ನೀರು ಜಿನುಗುವ ಜಾಗ, ಸಿಕ್ಕಿದಲ್ಲಿಂದ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಹಗ್ಗ ಬೇಡ, ಪಂಪು ಬೇಡ. ಒಳಗೆ ಸೂರ್ಯನಿಲ್ಲದ ಕಾರಣ ಉತ್ತರ ದಕ್ಷಿಣಗಳೆಲ್ಲ ಹೊರಗೇ ಚಪ್ಪಲಿಯ ಹತ್ತಿರ ಉಳಿಯುತ್ತವೆ. ನೇರವಾಗಿ ಕೊರೆಯಲು ನಮಗಿದ್ದ ಉಪಾಯ ಒಂದೇ: ಆಗಾಗ ಹಿಂದೆ ತಿರುಗಿ ಸುರಂಗದ ಬಾಯಿಯ ಬೆಳಕನ್ನು ನೋಡುವುದು. ಅದು ತುಂಬು ಚಂದ್ರನ ಹಾಗೆ ದುಂಡಗೆ ಕಂಡರೆ ಕೆಲಸ ನೇರ. ಬದಿಯ ಗೋಡೆ ಅದನ್ನು ಕಚ್ಚಿದ ಹಾಗೆ ಕಂಡರೆ ಡೊಂಕು. ಭೂಮಿಯ ಒಳಗೆ ಹೀಗೆ ಆಯುಷ್ಯವಿಡೀ ದಿಕ್ಕು ತಪ್ಪದೆ ದುಡಿದ ನಾನು ಭೂಮಿಯ ಮೇಲೆ ಮಾತ್ರ, ಕಾಸರಗೋಡಿನ ಬಸ್‌ಸ್ಟ್ಯಾಂಡಿನಲ್ಲಿ, ಈಗಲೂ ಪ್ರತಿ ಸಲ ತಪ್ಪು ಬದಿಯಿಂದ ಹೊರಗೆ ಬರುತ್ತೇನೆ.

ಕಸುಬು ಕೊಟ್ಟ ಇನ್ನೊಂದು ಬಹುಮಾನವೆಂದರೆ ಮಂದವಾದ ಎಡಗಿವಿ. ಇಕ್ಕಟ್ಟಿನಲ್ಲಿ ಪಿಕ್ಕಾಸಿನ ಏಟು ಕೇಳಿ ಕೇಳಿ ಅದು ಎಂದೋ ನಿವೃತ್ತಿ ತೆಗೆದುಕೊಂಡಿದೆ. ಆದ್ದರಿಂದ ಯಾರ ಜೊತೆ ನಡೆದರೂ ನಾನು ಅವರ ಎಡಬದಿಗೇ ಅಂಟಿಕೊಳ್ಳುತ್ತೇನೆ, ನನ್ನ ಬಲಗಿವಿ ಅವರ ಬಾಯಿಯ ಹತ್ತಿರ ಇರಲಿ ಎಂದು. ನನ್ನ ಬಲ ಸೊಂಟದ ಕೊಕ್ಕೆಯಲ್ಲಿ ಯಾವಾಗಲೂ ಒಂದು ಕತ್ತಿ ತೂಗುತ್ತಿರುತ್ತದೆ. ಅದಿಲ್ಲದೆ ಅಂಗಳ ದಾಟಿದರೆ ನನಗೆ ಪಂಚೆ ಉಡದೆ ಹೊರಟಷ್ಟು ಸಂಕೋಚ. ಈ ಎರಡನ್ನೂ ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ನಡೆದ ಅನರ್ಥಕ್ಕೆಲ್ಲ ಇವೇ ಮೂಲ.

ಕಂಪಾಸನ್ನು ನಾನು ಮೊದಲು ಕಂಡದ್ದು ಅಗಲ್ಪಾಡಿಯ ಕಡೆಯ ಒಂದು ಸುರಂಗದ ಒಳಗೆ, ನನಗಿನ್ನೂ ಮೀಸೆ ದಪ್ಪವಾಗುತ್ತಿದ್ದ ಕಾಲದಲ್ಲಿ. ಕೊರೆಸುತ್ತಿದ್ದವರು ಮಿಲಿಟರಿಯಿಂದ ನಿವೃತ್ತರಾಗಿ ಬಂದ ಒಬ್ಬ ಸುಬೇದಾರರು. ಬೆಳಕು ನೋಡಿ ಕೊರೆಯುವ ನಮ್ಮ ಪದ್ಧತಿ ಅವರಿಗೆ ಶಿಸ್ತಿಲ್ಲದ್ದೆಂದು ತೋರಿತು. ದಿನಾ ಬೆಳಿಗ್ಗೆ ಕಂಪಾಸು ಹಿಡಿದು ಒಳಗೆ ಬರುವರು. ನಾನು ಪಿಕ್ಕಾಸನ್ನು ಬಲಗೋಡೆಗೆ ಒರಗಿಸಿ ಭಕ್ತಿಯಿಂದ ಬದಿಗೆ ಸರಿಯುವೆ. ಅವರು ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತು, ಮುಳ್ಳು ನೋಡಿ, “ಇಷ್ಟು ಬಲಕ್ಕೆ” ಎನ್ನುವರು. ಬಾಯಿಯ ಬೆಳಕು ಅರ್ಧಚಂದ್ರವಾಯಿತು, ಆಮೇಲೆ ಬಿದಿಗೆ ಚಂದ್ರವಾಯಿತು, ಕೊನೆಗೆ ಅಮಾವಾಸ್ಯೆಯೇ ಆಯಿತು. ನಾನು ಒಂದು ಸಲ ಬಾಯಿ ಬಿಟ್ಟೆ. “ನಿನ್ನ ಕಣ್ಣು ತಪ್ಪುತ್ತದೆ, ಮುಳ್ಳು ತಪ್ಪುವುದಿಲ್ಲ” ಎಂದರು. ಮೂವತ್ತು ಕೋಲು, ಎಂದರೆ ಸುಮಾರು ಎಪ್ಪತ್ತು ಅಡಿ, ಕೊರೆದಾಗ ಎದುರಿನ ಮಣ್ಣು ತಾನಾಗಿ ಕುಸಿದು, ಬೆಳಕು ಬಂದು, ಬೆಳಕಿನ ನಡುವೆ ಒಂದು ದನದ ಮುಖ ಕಾಣಿಸಿತು. ನೆರೆಮನೆಯವರ ಹಟ್ಟಿ. ನಾವಿಬ್ಬರೂ ಅದನ್ನು ನೋಡಿದೆವು, ಅದೂ ನಮ್ಮನ್ನು ನೋಡಿತು, ಮೂವರಲ್ಲಿ ಮೆಲುಕು ಹಾಕುವುದನ್ನು ನಿಲ್ಲಿಸದಿದ್ದದ್ದು ಅದೊಂದೇ. ಸುಬೇದಾರರು ಕಂಪಾಸನ್ನು ಕಿಸೆಗೆ ಹಾಕಿಕೊಂಡು ಹೊರಗೆ ಹೋದವರು ಮತ್ತೆ ಆ ವಿಷಯ ಎತ್ತಲಿಲ್ಲ.

ಅವರು ಎತ್ತಲಿಲ್ಲವೆಂದು ನಾನು ಬಿಡಬೇಕಲ್ಲ. ಆಮೇಲೆ ಎಷ್ಟು ಮನೆಗಳಿಗೆ ನೀರು ತೆಗೆದುಕೊಟ್ಟೆನೋ ಅಷ್ಟು ಮನೆಗಳ ಜಗಲಿಯಲ್ಲೂ, ಎಲೆಯಡಿಕೆಯ ಜೊತೆಗೆ, ದನದ ಮುಖದ ಕತೆ ಹೇಳಿ, “ಕಂಪಾಸು ಎಂಬುದು ಮಹಾ ಸುಳ್ಳ” ಎಂದು ಮುಗಿಸುತ್ತಿದ್ದೆ. ನಲುವತ್ತು ವರ್ಷ ನಾನು ಈ ಅಪಪ್ರಚಾರ ಮಾಡಿದ್ದೇನೆ.

ಈಗ ಶ್ರಾವ್ಯಳ ವಿಷಯಕ್ಕೆ ಬರುತ್ತೇನೆ. ಅವಳ ಶಾಲೆಯಿಂದ ರಾಣಿಪುರದ ಬೆಟ್ಟದಲ್ಲಿ ಮೂರು ದಿನದ ಶಿಬಿರ. ಮಕ್ಕಳು ತಂಡ ಮಾಡಿಕೊಂಡು ತಾವೇ ದಾರಿ ಹುಡುಕಿ ನಡೆಯಬೇಕು. ಮೊಬೈಲು ತರಬಾರದು, ಕಂಪಾಸು ತರಬೇಕು. ಮನೆಯವರ ಸಹಿ ಬೇಕು. ಆ ಸಹಿಗೇ ಕಲ್ಲು ಬಿತ್ತು. ನನ್ನ ಮಗಳು ಸುಜಾತ, ಎಂದರೆ ಅವಳ ಅಮ್ಮ, ಕಾಗದವನ್ನು ಮಡಚಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದಳು.

“ಅಂಗಡಿಗೆ ಕಳಿಸಿದ್ರೆ ಅರ್ಧ ಗಂಟೆ ಕಾಣುವುದಿಲ್ಲ. ಇವಳು ಬೆಟ್ಟದಲ್ಲಿ ದಾರಿ ಹುಡುಕುವುದಾ?”

“ಕಂಪಾಸು ಉಂಟಲ್ಲ ಅಮ್ಮ.”

“ಕಂಪಾಸಿಗೆ ಉತ್ತರ ಗೊತ್ತುಂಟು. ಮನೆ ಎಲ್ಲಿ ಅಂತ ಗೊತ್ತುಂಟಾ?”

ಇಲ್ಲಿ ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. “ಅದಕ್ಕೆ ಉತ್ತರವೂ ಗೊತ್ತಿಲ್ಲ” ಎಂದು ಬಾಯಿ ಹಾಕಿ, ದನದ ಮುಖದ ಕತೆಯನ್ನು ಅಭಿನಯ ಸಮೇತ ಹೇಳಿಬಿಟ್ಟೆ. ಸುಜಾತ ನಗಲಿಲ್ಲ. ಶ್ರಾವ್ಯ ಕಂಪಾಸನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಎದ್ದು ಹೋದಳು. ಅಂದಿನಿಂದ ಅವಳು ನನ್ನ ಬಲಗಿವಿಯ ಬದಿಗೆ ಬರಲೇ ಇಲ್ಲ. ಏನು ಹೇಳುವುದಿದ್ದರೂ ಎಡಗಿವಿಗೆ ಹೇಳಿ ಹೋಗುತ್ತಿದ್ದಳು. ಆ ಶಿಕ್ಷೆಯನ್ನು ನಾನು ಎರಡು ದಿನಕ್ಕಿಂತ ಹೆಚ್ಚು ತಾಳಲಾರದೆ ಸುಜಾತಳ ಹಿಂದೆ ಬಿದ್ದು, ಒಂದು ಪರೀಕ್ಷೆಯನ್ನಾದರೂ ಇಡು ಎಂದು ಗೋಗರೆದೆ.

ಅವಳು ಪರೀಕ್ಷೆ ಇಟ್ಟಳು. ನೆಕ್ರಾಜೆಯಲ್ಲಿ ನಮ್ಮ ಮನೆಯ ಹಿಂದೆಯೇ ಗುಡ್ಡೆ. ಗುಡ್ಡೆಯ ಆಚೆ ಸರಿಯಾಗಿ ಉತ್ತರಕ್ಕೆ ನನ್ನ ತಂಗಿ ದೇವಕಿಯ ಮನೆ. “ಬರುವ ಆದಿತ್ಯವಾರ ನಾನು ಬಸ್ಸಿನಲ್ಲಿ ಸುತ್ತಿ ದೇವಕಿ ಅತ್ತೆಯ ಮನೆಗೆ ಹೋಗ್ತೇನೆ. ನೀನು ಗುಡ್ಡೆ ದಾಟಿ ಬಾ, ಕಾಲುದಾರಿ ಹಿಡಿಯುವ ಹಾಗಿಲ್ಲ. ಊಟಕ್ಕೆ ಬಾಳೆಲೆ ಹಾಕುವ ಮೊದಲು ಮುಟ್ಟಿದ್ರೆ ಸಹಿ. ಇಲ್ಲದಿದ್ರೆ ಮತ್ತೆ ಈ ಮನೆಯಲ್ಲಿ ಬೆಟ್ಟದ ಮಾತು ಇಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ನೀವು ಜೊತೆಗೆ ಹೋಗಿ ಅಪ್ಪ. ಆದ್ರೆ ಬಾಯಿ ಬಿಡಬಾರದು, ಕೈ ತೋರಿಸಬಾರದು” ಎಂದಳು. ಕಾಲುದಾರಿ ಬಿಟ್ಟರೆ ಆ ಗುಡ್ಡೆಗೆ ನಾನೂ ದಾರಿ ತಿಳಿಯದ ನೆಂಟನೇ ಎಂಬ ಗುಟ್ಟನ್ನು ನಾನು ಹೇಳಲಿಲ್ಲ.

ಆದಿತ್ಯವಾರ ಮೋಡ ಕವಿದಿತ್ತು, ಸೂರ್ಯನ ಸಹಾಯವೂ ಇಲ್ಲ. ಶ್ರಾವ್ಯ ಮುಳ್ಳು ನೋಡಿ ಎದುರಿಗೆ ಒಂದು ಮರವನ್ನೋ ಬಂಡೆಯನ್ನೋ ಗುರುತು ಮಾಡುವಳು, ಅಲ್ಲಿಯವರೆಗೆ ನಡೆಯುವಳು, ನಿಂತು ಪುನಃ ನೋಡುವಳು. ನಾನು ಮೌನವ್ರತದಲ್ಲಿದ್ದರೂ ಕುತೂಹಲಕ್ಕೆ ವ್ರತವಿಲ್ಲವಲ್ಲ. ಅವಳು ನಿಂತಾಗಲೆಲ್ಲ ಎಡಬದಿಗೆ ಬಂದು, ಅವಳ ಕೈಗೆ ನನ್ನ ಸೊಂಟ ತಾಗುವಷ್ಟು ಹತ್ತಿರ ಬಗ್ಗಿ, ಆ ಕೆಂಪು ತುದಿ ನಡುಗುವುದನ್ನು ನೋಡುತ್ತಿದ್ದೆ. ನಡುನಡುವೆ ಮುಳ್ಳಿನ ಪೊದೆ ಅಡ್ಡ ಬಂದರೆ ಕತ್ತಿ ತೆಗೆದು ಸವರಿ ದಾರಿ ಮಾಡಿಕೊಡುತ್ತಿದ್ದೆ. ಕೆಂಪುಕಲ್ಲಿನ ಬೋಳು ನೆತ್ತಿ ದಾಟಿ ಗೇರುತೋಟಕ್ಕೆ ಇಳಿದೆವು. ಅಲ್ಲಿ ಎಲ್ಲ ಮರವೂ ಒಂದೇ ತಾಯಿಯ ಮಕ್ಕಳ ಹಾಗೆ; ಯಾವುದನ್ನು ದಾಟಿದ್ದು, ಯಾವುದನ್ನು ದಾಟಬೇಕಾದ್ದು ಎಂದು ತಿಳಿಯುವ ಹಾಗಿಲ್ಲ. ಅವಳು ಮುಳ್ಳನ್ನೇ ನಂಬಿ ನಡೆದಳು. ಪುಳ್ಳಿಯ ಎರಡು ಜಡೆಯ ಹಿಂದೆ ನಡೆಯುವ ಸುಖದಲ್ಲಿ ನಾನು ಹೊತ್ತನ್ನು ಮರೆತೆ.

ಗೇರುತೋಟ ಮುಗಿದಲ್ಲಿ ನೆಲವೂ ಮುಗಿಯಿತು. ಕಾಲಬುಡದಲ್ಲಿ ಕಲ್ಲು ಕಡಿದು ಬಿಟ್ಟ ದೊಡ್ಡ ಕೋರೆ. ಗೋಡೆ ನೇರ ಕೆಳಕ್ಕೆ, ತಳದಲ್ಲಿ ಹಸಿರುಗಟ್ಟಿದ ಮಳೆನೀರು. ಈ ಕೋರೆ ದೇವಕಿಯ ಮನೆಯ ಪಶ್ಚಿಮಕ್ಕೆ ಎಷ್ಟೋ ದೂರದಲ್ಲಿರುವಂಥದ್ದು. ನಾವು ಎಡಕ್ಕೆ, ಎಡಕ್ಕೆ, ಇನ್ನೂ ಎಡಕ್ಕೆ ಬಂದಿದ್ದೆವು.

ಶ್ರಾವ್ಯ ಒಂದು ಕಲ್ಲಿನ ಮೇಲೆ ಕುಳಿತಳು. “ಅಜ್ಜ, ಕಂಪಾಸು ಸುಳ್ಳು ಹೇಳ್ತದಾ?” ಎಂದು ಕೇಳಿದಳು.

ಈಗ ಒಂದು ತಪ್ಪೊಪ್ಪಿಗೆ. ಅವಳ ಕಣ್ಣಿನಲ್ಲಿ ನೀರು ತುಂಬಿದ್ದು ನನಗೆ ಕಾಣುತ್ತಿತ್ತು. ಆದರೂ ಒಳಗೆ ಎಲ್ಲೋ ಒಂದು ಮೂಲೆಯಲ್ಲಿ ಒಬ್ಬ ಹಳೆಯ ಸುರಂಗದವನು ತೊಡೆ ತಟ್ಟಿ ಎದ್ದು ನಿಂತ. ವ್ರತ ಮುರಿದು ನಾನು ಹೇಳಿದೆ: “ನಾನು ಮೊದಲೇ ಹೇಳಿದೆನಲ್ಲ ಮಗಳೇ.”

ಅವಳು ನನ್ನನ್ನು ಒಂದು ಸಲ ನೋಡಿ, ಸಿಟ್ಟಿನಲ್ಲಿ ಎದ್ದು, ಬೆನ್ನು ಹಾಕಿ ಹತ್ತು ಹೆಜ್ಜೆ ಆಚೆ ಹೋದಳು. ಅಲ್ಲಿ ನಿಂತು ಅಂಗೈಯ ಕಂಪಾಸು ನೋಡಿಕೊಂಡಳು. ಆಮೇಲೆ ಹಿಂದೆ ಹಿಂದೆ ಹೆಜ್ಜೆ ಇಡುತ್ತ ನನ್ನ ಹತ್ತಿರ ಬಂದಳು, ಪುನಃ ಮುಂದೆ ಹೋದಳು. ನಾನು ಎದ್ದು ಹೋಗಿ ನೋಡೋಣವೆಂದು ಕಾಲು ಎತ್ತಿದೆ.

“ಅಜ್ಜ, ಅಲ್ಲೇ ಇರಿ. ಬರಬೇಡಿ.”

ನಾನು ಕಾಲು ಇಳಿಸಿದೆ. ಅವಳು ಕಂಪಾಸನ್ನು ಚಾಚಿ ಹಿಡಿದುಕೊಂಡು ನನಗೆ ಒಂದು ಸುತ್ತು ಬಂದಳು, ತುಳಸಿಕಟ್ಟೆಗೆ ಬಂದ ಹಾಗೆ. ಬಲಬದಿಗೆ ಬಂದಾಗ ಒಂದು ಗೇಣು ದೂರದಲ್ಲಿ ನಿಂತುಬಿಟ್ಟಳು.

“ಮುಳ್ಳು ನಿಮ್ಮನ್ನೇ ನೋಡ್ತದೆ ಅಜ್ಜ.”

“ನನ್ನಲ್ಲಿ ನೋಡುವುದಕ್ಕೆ ಎಂತ ಉಂಟು?”

“ಸೊಂಟದಲ್ಲಿ ಎಂತ ಉಂಟು?”

ನಾನು ಬಲ ಸೊಂಟಕ್ಕೆ ಕೈ ಹಾಕಿದೆ. ಕತ್ತಿ. ಇಪ್ಪತ್ತು ವರ್ಷ ನನ್ನ ಸೊಂಟದಲ್ಲಿದ್ದು ಮಸೆದು ಮಸೆದು ಸವೆದ, ಒಂದು ದಿನವೂ ನನಗೆ ದ್ರೋಹ ಮಾಡದ ಕತ್ತಿ. ಅದನ್ನು ಬಿಚ್ಚಿ ಕಲ್ಲಿನ ಮೇಲಿಟ್ಟು ಇಬ್ಬರೂ ದೂರ ಹೋಗಿ ನೋಡಿದೆವು. ಮುಳ್ಳು ಒಂದು ಸಲ ನಡುಗಿ, ಆಲೋಚಿಸಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ನಾನು ಭುಜಕ್ಕೆ ಭುಜ ತಾಗಿಸಿ ನಿಂತರೂ ಅದು ಅಲುಗಲಿಲ್ಲ. ಇಷ್ಟು ಹೊತ್ತು ಅವಳು ನೋಡುತ್ತಿದ್ದದ್ದು ಉತ್ತರವನ್ನಲ್ಲ, ಅಜ್ಜನ ಸೊಂಟವನ್ನು. ನಾನು ಎಡಕ್ಕೆ ಬಂದು ನಿಂತಾಗಲೆಲ್ಲ ಮುಳ್ಳು ಎಡಕ್ಕೆ ವಾಲಿದೆ, ಅವಳು ಅದನ್ನು ನಂಬಿ ಎಡಕ್ಕೆ ನಡೆದಿದ್ದಾಳೆ.

ಅದೇ ಕ್ಷಣ ನನಗೆ ಬಲಗೋಡೆಗೆ ಒರಗಿಸಿದ ಪಿಕ್ಕಾಸು ನೆನಪಾಯಿತು, ಅದರ ಪಕ್ಕ ಕುಕ್ಕರಗಾಲಲ್ಲಿ ಕುಳಿತ ಸುಬೇದಾರರು ನೆನಪಾದರು, ಅವರ ನಡುವೆ ಆ ದನದ ಮುಖವೂ ಬಂದು ನಿಂತಿತು. ಸುಬೇದಾರರು ತೀರಿಕೊಂಡು ಎಷ್ಟೋ ಕಾಲವಾಗಿದೆ. ಅವರ ಮುಳ್ಳು ತಪ್ಪಿರಲಿಲ್ಲ. ಅದು ದಿನಾ ಬೆಳಿಗ್ಗೆ ನನ್ನ ಪಿಕ್ಕಾಸನ್ನು ತೋರಿಸಿ ದೂರು ಹೇಳುತ್ತಿತ್ತು, ಕೇಳುವ ಕಿವಿ ಇಬ್ಬರಿಗೂ ಇರಲಿಲ್ಲ.

ಶ್ರಾವ್ಯಳಿಗೆ ಇಂಥ ಪಶ್ಚಾತ್ತಾಪಕ್ಕೆ ಪುರುಸೊತ್ತಿಲ್ಲ. ಒಂದು ಕಡ್ಡಿ ತೆಗೆದು ಮಣ್ಣಿನಲ್ಲಿ ಮನೆಯನ್ನೂ ಕೋರೆಯನ್ನೂ ದೇವಕಿಯ ಮನೆಯನ್ನೂ ಗುರುತು ಮಾಡಿ, “ಎಡಕ್ಕೆ ಬಂದದ್ದರಿಂದ ಈಗ ಪೂರ್ವಕ್ಕೆ ಹೋದ್ರೆ ಸಿಗಬೇಕು” ಎಂದು ಎದ್ದಳು. ಒಳ್ಳೆಯ ಕತ್ತಿಯನ್ನು ಕಾಡಿನಲ್ಲಿ ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ. “ಹಾಗಾದ್ರೆ ಇಪ್ಪತ್ತು ಹೆಜ್ಜೆ ಹಿಂದೆ ಬನ್ನಿ” ಎಂದು ತೀರ್ಪು ಕೊಟ್ಟಳು.

ಇಪ್ಪತ್ತು ಹೆಜ್ಜೆ ಹಿಂದೆ ನಡೆಯುವುದೆಂದರೆ ನನ್ನಂಥವನಿಗೆ ದೊಡ್ಡ ತಪಸ್ಸು. ಅಲ್ಲಿಂದ ಅವಳ ಮಾತು ಕೇಳುವುದಿಲ್ಲ, ಮುಳ್ಳು ಕಾಣುವುದಿಲ್ಲ, ಮುಳ್ಳಿನ ಪೊದೆ ಅಡ್ಡ ಬಂದರೆ ಓಡಿ ಹೋಗಿ ಸವರುವಂತಿಲ್ಲ. ಅವಳೇ ಸುತ್ತು ಬಳಸಿ ಹೋಗಿ ಪುನಃ ತನ್ನ ಗುರುತಿಗೆ ಬರುವುದನ್ನು ಸುಮ್ಮನೆ ನೋಡುತ್ತಿರಬೇಕು. ಒಂದು ಕಡೆ ಲಂಗಕ್ಕೆ ಮುಳ್ಳು ಸಿಕ್ಕಿ ನಿಂತಳು. ನನ್ನ ಕೈ ತಾನಾಗಿ ಕತ್ತಿಯ ಹಿಡಿಗೆ ಹೋಯಿತು. ಅವಳು ಹಿಂದೆ ನೋಡದೆಯೇ ಬಿಡಿಸಿಕೊಂಡು ನಡೆದಳು. ಗೇರುಮರಗಳ ಕತ್ತಲೆಯ ಆಚೆ, ತೋಪು ಮುಗಿಯುವಲ್ಲಿ, ಬೆಳಕಿನ ಒಂದು ದುಂಡು. ಅದರ ನಡುವೆ ಎರಡು ಜಡೆಯ ಚಿಕ್ಕ ನೆರಳು. ಎಡಗಡೆಯೂ ಕಚ್ಚಿರಲಿಲ್ಲ, ಬಲಗಡೆಯೂ ಕಚ್ಚಿರಲಿಲ್ಲ. ಇಷ್ಟು ನೇರವಾದ ಕೆಲಸವನ್ನು ನಾನು ನನ್ನ ಕೈಯಾರೆಯೂ ಮಾಡಿರಲಾರೆ.

ದೇವಕಿಯ ಮನೆಯ ಅಂಗಳಕ್ಕೆ ಇಳಿದಾಗ ಬಾಳೆಲೆ ಹಾಕಿ, ಅನ್ನ ಬಡಿಸಿ ಆಗಿತ್ತು. ದೇವಕಿ ಸೌಟು ಹಿಡಿದುಕೊಂಡೇ ಹೊರಗೆ ಬಂದು, “ಅಣ್ಣ, ನೀವು ಗುಡ್ಡೆಯ ಒಳಗಿನಿಂದ ಕೊರೆದುಕೊಂಡು ಬಂದಿದ್ರೆ ಇದಕ್ಕಿಂತ ಬೇಗ ಮುಟ್ಟುತ್ತಿದ್ದಿರೋ ಏನೋ” ಎಂದಳು. ಸುಜಾತ ಎಲೆಯ ಕಡೆ ಕೈ ತೋರಿಸಿದಳು. ಶ್ರಾವ್ಯ ತಲೆ ತಗ್ಗಿಸಿದಳು. ಸೋತೆ ಎಂದು ಒಪ್ಪಿಕೊಂಡ ಆ ತಲೆಯನ್ನು ನೋಡಲಾರದೆ, ನಾನು ಕೈಕಾಲು ತೊಳೆಯುವ ಮೊದಲೇ ಎಲ್ಲವನ್ನೂ ಒದರಿಬಿಟ್ಟೆ: ಕೋರೆ, ಕತ್ತಿ, ಎಡಗಿವಿ, ಪಿಕ್ಕಾಸು, ಸುಬೇದಾರರು. ನಲುವತ್ತು ವರ್ಷದ ಕತೆಯನ್ನು ತಿರುಗಿಸಿ ಹೇಳುವುದು ಸುಲಭವಲ್ಲ. ದನದ ಮುಖಕ್ಕೆ ಬರುವಾಗ ನಾಲಗೆ ಹಳೆಯ ಅಭ್ಯಾಸದಿಂದ ಹಳೆಯ ದಾರಿಗೇ ಹೊರಳಿತು.

ಸುಜಾತ ನಂಬಲಿಲ್ಲ. ಅಜ್ಜ ಪುಳ್ಳಿಗೋಸ್ಕರ ಏನನ್ನೂ ಕಟ್ಟಿ ಹೇಳುವವನೆಂದು ಅವಳಿಗೆ ಗೊತ್ತು. ಕಂಪಾಸನ್ನು ತನ್ನ ಕೈಗೆ ತೆಗೆದುಕೊಂಡು, “ಅಪ್ಪ, ಹತ್ತಿರ ಬನ್ನಿ” ಎಂದಳು. ಬಂದೆ. “ದೂರ ಹೋಗಿ.” ಹೋದೆ. “ಕತ್ತಿ ಇಟ್ಟು ಬನ್ನಿ.” ಇಟ್ಟು ಬಂದೆ. ಅನ್ನ ಆರುತ್ತಿರುವಾಗ ಆ ಜಗಲಿಯಲ್ಲಿ ಮಿಲಿಟರಿಯ ಕವಾಯತು ನಡೆಯಿತು. ಸುಬೇದಾರರ ಋಣ ಸ್ವಲ್ಪ ತೀರಿರಬೇಕು. ದೇವಕಿ ಒಳಗಿನಿಂದ ತರಕಾರಿ ಹೆಚ್ಚುವ ಮೆಟ್ಟುಕತ್ತಿ ತಂದು ತಾನೂ ಒಂದು ಸಲ ಪರೀಕ್ಷೆ ಮಾಡಿದಳು.

ಸುಜಾತ ಕಂಪಾಸನ್ನು ಶ್ರಾವ್ಯಳ ಕೈಗೆ ಮರಳಿ ಕೊಟ್ಟಳು. “ಇದು ನಿನಗೆ ಯಾರು ಹೇಳಿಕೊಟ್ಟದ್ದು?”

“ಯಾರೂ ಇಲ್ಲ. ಅಜ್ಜನ ಮೇಲೆ ಸಿಟ್ಟು ಬಂತು, ದೂರ ಹೋದೆ. ಆಗ ಗೊತ್ತಾಯ್ತು.”

“ದಾರಿ ತಪ್ಪಿದ್ದು ಗೊತ್ತಾದಾಗ ಅಳು ಬಂತಾ?”

“ಸ್ವಲ್ಪ.”

“ಆಮೇಲೆ?”

“ಆಮೇಲೆ ಪೂರ್ವಕ್ಕೆ ಬಂದೆ.”

ಸುಜಾತ ಚೀಲದಿಂದ ಕಾಗದ ತೆಗೆದಳು. ಅದನ್ನು ಅವಳು ಕ್ಯಾಲೆಂಡರಿನ ಹಿಂದೆ ಬಿಟ್ಟುಬಂದಿರಲಿಲ್ಲ, ಪೆನ್ನನ್ನೂ ತಂದಿದ್ದಳು. ಸಹಿ ಹಾಕಿ, “ಇವಳನ್ನು ಕಳಿಸ್ತೇನೆ” ಎಂದಳು. “ನಿಮ್ಮನ್ನು ಮಾತ್ರ ಎಲ್ಲಿಗೂ ಕಳಿಸುವುದಿಲ್ಲ ಅಪ್ಪ.”

ಶಿಬಿರಕ್ಕೆ ಹೋದವಳು ನಿನ್ನೆ ಸಂಜೆ ಬಂದಳು. ಮೂಗು ಬಿಸಿಲಿಗೆ ಕಪ್ಪಾಗಿದೆ, ಹಿಮ್ಮಡಿಯಲ್ಲಿ ಎರಡು ಬೊಕ್ಕೆ. ಚಪ್ಪಲಿ ಬಿಚ್ಚುವ ಮೊದಲೇ ನನ್ನ ಬಲಗಿವಿಯ ಬದಿಗೆ ಬಂದು ಕುಳಿತು ಹೇಳಿದಳು. ಎರಡನೆಯ ದಿನ ಬೆಟ್ಟದಲ್ಲಿ ಮಂಜು ಕವಿದು, ಮಕ್ಕಳ ಕಂಪಾಸೆಲ್ಲ ಒಂದು ಕಡೆ ತೋರಿಸಿದರೆ ಜೊತೆಗಿದ್ದ ಮಾಸ್ತರರದ್ದು ಮಾತ್ರ ಇನ್ನೊಂದು ಕಡೆ ತೋರಿಸುತ್ತಿತ್ತಂತೆ. ಮಕ್ಕಳೆಲ್ಲ ಮಾಸ್ತರರ ಹಿಂದೆ ಹೊರಡುವವರೇ. ಇವಳು ಮುಂದೆ ಹೋಗಿ, “ಸರ್, ನಿಮ್ಮ ಸೊಂಟದಲ್ಲಿ ಎಂತ ಉಂಟು?” ಎಂದು ಕೇಳಿದಳಂತೆ. ಬೆಲ್ಟಿನ ಮುಂದುಗಡೆ ಒಂದು ದೊಡ್ಡ ಟಾರ್ಚು ತೂಗುತ್ತಿತ್ತಂತೆ. ಮಾಸ್ತರರು ಅದನ್ನು ಬಿಚ್ಚಿ ಕೊಟ್ಟು, ನಕ್ಕು, ಇವಳನ್ನೇ ಮುಂದೆ ನಡೆಯಲು ಬಿಟ್ಟರಂತೆ. “ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದ್ರು ಅಜ್ಜ. ನಮ್ಮ ಅಜ್ಜನಿಂದ ಕಲಿತದ್ದು ಅಂತ ಹೇಳಿದೆ.” ಇದನ್ನೇ ನಾನು ಸೊಸೈಟಿಯಲ್ಲೂ ಬಸ್ಸಿನಲ್ಲೂ ಚಹಾದಂಗಡಿಯಲ್ಲೂ ಹೇಳಿದ್ದು. ನನ್ನಿಂದ ಯಾವ ರೀತಿಯಲ್ಲಿ ಕಲಿತಳೆಂಬ ವಿವರವನ್ನು ಬಸ್ಸಿನಲ್ಲಿ ಸ್ವಲ್ಪ ಸಂಕ್ಷೇಪಿಸಿದ್ದೆ. ಇಲ್ಲಿ ಪೂರ್ತಿ ಬರೆದಿದ್ದೇನೆ.

ಗುಡ್ಡೆಯಿಂದ ಬಂದ ದಿನವೇ ಅವಳು ಎಳೆದ ಜಗಲಿಯ ಗೆರೆಯ ಬಗ್ಗೆ ಒಂದು ಮಾತು ಬಾಕಿ ಇದೆ. ಅವಳು ಶಿಬಿರದಲ್ಲಿದ್ದ ಮೂರು ದಿನ ಕಂಪಾಸೂ ಅವಳ ಜೊತೆಗೇ ಹೋಗಿತ್ತು. ಕಿಟಕಿಯ ದಂಡೆಯಲ್ಲಿ ಮಡಚಿದ ಕರವಸ್ತ್ರ ಬಿಟ್ಟರೆ ಏನೂ ಇರಲಿಲ್ಲ. ಎರಡನೆಯ ದಿನ ತೋಟದಿಂದ ಬಂದು, ಸೊಂಟದಲ್ಲಿ ಕತ್ತಿ ಇಟ್ಟುಕೊಂಡೇ, ಇನ್ನು ಯಾರ ಹೆದರಿಕೆ ಎಂದು ಜಗಲಿ ಹತ್ತಿದೆ. ಗೆರೆಯ ಹತ್ತಿರ ಬರುವಾಗ ಕಾಲು ತಾನಾಗಿ ನಿಂತಿತು. ಯಾರೂ ನೋಡುತ್ತಿರಲಿಲ್ಲ. ಕತ್ತಿ ಬಿಚ್ಚಿ ಹೊರಗಿನ ಮೊಳೆಗೆ ತೂಗುಹಾಕಿ, ಒಳಗೆ ಬಂದು, ರಾಣಿಪುರ ಯಾವ ದಿಕ್ಕೆಂದು ಗೊತ್ತಿಲ್ಲದ ಕಾರಣ ಅಂದಾಜಿನಿಂದ ಒಂದು ಕಡೆ ಮುಖ ಮಾಡಿ, ಸ್ವಲ್ಪ ಹೊತ್ತು ಕುಳಿತುಕೊಂಡೆ.